ಡ್ರೈಯರ್ ತಿರುಗುತ್ತಿಲ್ಲವೇ? ಮೋಟಾರನ್ನು ದೂರುವ ಮುನ್ನ

ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಹೆಚ್ಚಿನ ಮನೆಗಳಲ್ಲಿರುವ ಡ್ರೈಯರ್ ಎಂದರೆ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಪಕ್ಕದ ಚಿಕ್ಕ ಟಬ್ಬು. ಅದರಲ್ಲಿ ಹೀಟರ್ ಇಲ್ಲ, ಬಿಸಿಗಾಳಿ ಇಲ್ಲ. ನಿಮಿಷಕ್ಕೆ ಸುಮಾರು 1300ರಿಂದ 1400 ಸುತ್ತು ತಿರುಗಿ ಬಟ್ಟೆಯ ನೀರನ್ನು ತೂತುಗಳಿಂದ ಹೊರಕ್ಕೆ ಎಸೆಯುವುದಷ್ಟೇ ಅದರ ಕೆಲಸ. ಇಷ್ಟು ಸರಳವಾದ ಯಂತ್ರ ಕೆಟ್ಟು ನಿಂತಾಗ ಕೇಳಿಬರುವ ಮೊದಲ ಮಾತು ಮಾತ್ರ ಒಂದೇ: 'ಮೋಟಾರ್ ಹೋಗಿದೆ.' ಹೋಗಿರಲೂಬಹುದು. ಆದರೆ ಈ ಮೋಟಾರ್ ತಾನಾಗಿಯೇ ಸುಡುವುದು ಕಡಿಮೆ. ಸಡಿಲಾದ ಬ್ರೇಕ್ ವೈರ್, ಬಲ ಕಳೆದುಕೊಂಡ ಕಂಡೆನ್ಸರ್, ಹರಿದ ರಬ್ಬರ್ ಸೀಲ್, ಇವುಗಳಲ್ಲಿ ಯಾವುದೋ ಒಂದು ಅದನ್ನು ಸುಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟು ಮೋಟಾರ್ ಮಾತ್ರ ಬದಲಿಸಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಹುಡುಕಾಟ ಏನನ್ನೂ ಬಿಚ್ಚದೆ ಶುರುವಾಗಬೇಕು, ಮೋಟಾರಿನ ಸರದಿ ಕಡೆಗೆ.

ಒಳಗೆ ಏನಿದೆ

ಮೆಷಿನ್ನಿನ ಹಿಂಬದಿಯ ಮುಚ್ಚಳ ತೆಗೆದರೆ ಎರಡು ಮೋಟಾರ್ ಕಾಣುತ್ತವೆ. ಬೆಲ್ಟ್ ಹಾಕಿರುವುದು ಒಗೆಯುವ ಕಡೆಯದು. ಬೆಲ್ಟ್ ಇಲ್ಲದೆ ಮೂರು ಸ್ಪ್ರಿಂಗ್‌ಗಳ ಮೇಲೆ ನೆಟ್ಟಗೆ ನಿಂತಿರುವುದು ಸ್ಪಿನ್ ಮೋಟಾರ್. ಅದರ ತಲೆಯ ಮೇಲೆ ಗುಂಡಗಿನ ಬ್ರೇಕ್ ಡ್ರಮ್ ಇರುತ್ತದೆ. ಕಪ್ಲಿಂಗ್ ಕೂಡ ಅದೇ: ಕೆಳಗಿನಿಂದ ಮೋಟಾರಿನ ಶಾಫ್ಟ್, ಮೇಲಿನಿಂದ ಟಬ್ಬಿನ ಶಾಫ್ಟ್ ಬಂದು ಅದರೊಳಗೆ ಕೂತಿರುತ್ತವೆ, ಒಂದೊಂದಕ್ಕೂ ಒಂದೊಂದು ಬೋಲ್ಟ್. ಅದರ ಮೇಲೆ ಮಡಿಕೆ ಮಡಿಕೆಯಾದ ರಬ್ಬರ್ ಸೀಲ್. ತಿರುಗುವ ಟಬ್ಬಿನ ಸುತ್ತಲಿರುವ ಹೊರಟಬ್ಬಿನ ನೀರು ಮೋಟಾರಿನ ಮೇಲೆ ಬೀಳದಂತೆ ತಡೆಯುವುದು ಅದೊಂದೇ.

ಕರೆಂಟು ಹೋಗುವ ದಾರಿಯೂ ಉದ್ದವಿಲ್ಲ. ಪ್ಲಗ್ಗಿನಿಂದ 5 ನಿಮಿಷದ ಸ್ಪಿನ್ ಟೈಮರ್‌ಗೆ, ಅಲ್ಲಿಂದ ಡ್ರೈಯರಿನ ಮುಚ್ಚಳದ ಸ್ವಿಚ್ಚಿಗೆ, ಅಲ್ಲಿಂದ ಮೋಟಾರಿಗೆ. ಮೋಟಾರಿನ ಒಳಗಿನ ಎರಡು ತಂತಿ ಸುತ್ತುಗಳ (ವೈಂಡಿಂಗ್) ನಡುವೆ, ಅದಕ್ಕೆ ಹೊರಡುವ ಬಲ ಕೊಡುವ ಕಂಡೆನ್ಸರ್.

ಇಲ್ಲಿ ಗಮನಿಸಬೇಕಾದ್ದು ಡ್ರೈಯರಿನ ಮುಚ್ಚಳ ಮಾಡುವ ಎರಡು ಕೆಲಸ. ಮುಚ್ಚಿದಾಗ ಅದರ ಕೀಲಿನ ಬಳಿಯ ನಾಲಿಗೆ ಸ್ವಿಚ್ಚನ್ನು ಒತ್ತಿ ಕರೆಂಟು ಬಿಡುತ್ತದೆ. ಅದೇ ಹೊತ್ತಿಗೆ ಒಂದು ವೈರನ್ನು ಎಳೆದು ಬ್ರೇಕ್ ಶೂವನ್ನು ಡ್ರಮ್ಮಿನಿಂದ ದೂರ ಸರಿಸುತ್ತದೆ. ತೆರೆದಾಗ ಎರಡೂ ತಿರುಗುಮುರುಗು: ಕರೆಂಟು ನಿಲ್ಲುತ್ತದೆ, ಸ್ಪ್ರಿಂಗ್ ಶೂವನ್ನು ಡ್ರಮ್ಮಿಗೆ ಅದುಮುತ್ತದೆ. ಅಂದರೆ ಮುಚ್ಚಳ ತೆರೆದಿರುವಾಗ ಟಬ್ಬು ಕೈಗೆ ಬಿಗಿಯಾಗಿ ಸಿಕ್ಕುವುದು ದೋಷವಲ್ಲ, ಅದು ಹಾಗೇ ಇರಬೇಕು. ಇದು ಗೊತ್ತಿಲ್ಲದೆ 'ಟಬ್ಬು ಜಾಮ್ ಆಗಿದೆ' ಎಂದು ಮೆಷಿನ್ನನ್ನೇ ಬಿಚ್ಚಿ ಹಾಕುವವರು ಬಹಳ ಮಂದಿ.

ಕೈ ಹಾಕುವ ಮುನ್ನ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೆಷಿನ್ನಿನ ಮೇಲಿಡಿ. ಹಳೆಯ ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಒಳಗಿನ ವೈರಿನಲ್ಲಿ ಕರೆಂಟು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಚಾರ್ಜ್ ಹಿಡಿದಿರಬಹುದು. 10ರಿಂದ 20 ಕಿಲೊಓಮ್‌ನ, 5 ವ್ಯಾಟ್‌ನ ರೆಸಿಸ್ಟರನ್ನು ಅದರ ಎರಡು ತುದಿಗೆ ಕೆಲವು ಸೆಕೆಂಡ್ ತಾಗಿಸಿಟ್ಟರೆ ಇಳಿಯುತ್ತದೆ. ರೆಸಿಸ್ಟರ್ ಇಲ್ಲದಿದ್ದರೆ ಹೋಲ್ಡರಿಗೆ ಹಾಕಿದ ಹಳೆಯ ಫಿಲಮೆಂಟ್ ಬಲ್ಬಿನ ಎರಡು ವೈರ್ ಸಾಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದರಿಂದ ಕಂಡೆನ್ಸರಿನ ಒಳಪದರ ಹಾಳಾಗುತ್ತದೆ.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ಇಲ್ಲಿನ ಗರಸು ಮಣ್ಣು ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ನೀರು ಹಾಕದ ಅರ್ಥ್ ಗುಂಡಿ ಹೆಸರಿಗಷ್ಟೇ ಅರ್ಥ್ ಆಗುತ್ತದೆ. ಮೆಷಿನ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮೊದಲು ಗುಂಡಿಗೆ ನಾಲ್ಕು ಬಿಂದಿಗೆ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಡ್ರೈಯರ್ ರಿಪೇರಿ ಆಮೇಲೆ.

ಬೇಕಾಗುವ ಸಾಮಾನು: ಸ್ಟಾರ್ ಸ್ಕ್ರೂಡ್ರೈವರ್, 10 ಮಿ.ಮೀ. ಸ್ಪ್ಯಾನರ್, ಉದ್ದಮೂತಿಯ ಇಕ್ಕಳ, ಟಾರ್ಚ್, ಕಂಡೆನ್ಸರ್ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರ್. ಯಾವ ವೈರ್ ಬಿಚ್ಚುವ ಮುನ್ನವೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, 'ಕೆಂಪು ಅಂದ್ರೆ ಇದೇ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊದಲು ಕಿವಿಗೆ ಕೆಲಸ

ಟಬ್ಬು ಖಾಲಿ ಮಾಡಿ, ಮುಚ್ಚಳ ಹಾಕಿ, ಟೈಮರ್ ತಿರುಗಿಸಿ. ಐದಾರು ಸೆಕೆಂಡ್ ಕೇಳಿ ಆಫ್ ಮಾಡಿ. ತಿರುಗದೆ ನಿಂತ ಮೋಟಾರಿಗೆ ಹೆಚ್ಚು ಹೊತ್ತು ಕರೆಂಟು ಕೊಟ್ಟರೆ ಪರೀಕ್ಷೆಯೇ ಅದನ್ನು ಸುಡುತ್ತದೆ.

ಏನೂ ಸದ್ದಿಲ್ಲದಿದ್ದರೆ ಕರೆಂಟು ಮೋಟಾರಿಗೆ ತಲುಪುತ್ತಿಲ್ಲ. ಗುಂಯ್ ಎನ್ನುತ್ತಾ ಟಬ್ಬು ಅಲುಗದಿದ್ದರೆ ಕರೆಂಟು ಸಿಕ್ಕಿದೆ. ಹೊರಡಲು ಬಲವಿಲ್ಲ, ಇಲ್ಲವೇ ಯಾವುದೋ ಹಿಡಿದುಕೊಂಡಿದೆ. ಮೋಟಾರ್ ರೊಯ್ಯನೆ ತಿರುಗುವ ಸದ್ದು ಬಂದರೂ ಟಬ್ಬು ನಿಂತೇ ಇದ್ದರೆ ಕಪ್ಲಿಂಗ್ ಬಿಟ್ಟಿದೆ. ಖಾಲಿ ಇದ್ದಾಗ ಸರಿಯಾಗಿ ತಿರುಗಿ, ಬಟ್ಟೆ ಹಾಕಿದೊಡನೆ ಸೋಲುವುದು ನಾಲ್ಕನೆಯ ಬಗೆ. ಈ ನಾಲ್ಕರಲ್ಲಿ ಯಾವುದೆಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಸದ್ದೇ ಇಲ್ಲದಿದ್ದರೆ

ಒಗೆಯುವ ಕಡೆ ಓಡುತ್ತದೆಯೇ ನೋಡಿ. ಅದೂ ಓಡದಿದ್ದರೆ ಸಾಕೆಟ್, ಪ್ಲಗ್, ಎಕ್ಸ್‌ಟೆನ್ಷನ್ ಬಾಕ್ಸ್ ಕಡೆ ತಿರುಗಿ. ಮೆಷಿನ್ನನ್ನು ಬಚ್ಚಲಿನ ಆಚೆ, ವರಾಂಡದಲ್ಲಿ ಇಟ್ಟು ಸಣ್ಣ ವೈರಿನ ಎಕ್ಸ್‌ಟೆನ್ಷನ್ ಎಳೆದಿರುವ ಮನೆಗಳಲ್ಲಿ ಪ್ಲಗ್ಗಿನ ಕಾಲು ಕಪ್ಪಾಗಿ, ಸಾಕೆಟ್ ಕರಗಿರುವುದು ಅಪರೂಪವಲ್ಲ.

ಒಗೆಯುವ ಕಡೆ ಸರಿ ಇದ್ದರೆ ಟೈಮರಿನ ಗುಂಡಿಯಿಂದ ಶುರು ಮಾಡಿ. ಪ್ಲಾಸ್ಟಿಕ್ ಗುಂಡಿಯ ಒಳಗಿನ ಅರ್ಧಚಂದ್ರಾಕಾರದ ತೂತು ಸೀಳಿದ್ದರೆ ಗುಂಡಿ ತಿರುಗುತ್ತದೆ, ಟೈಮರಿನ ಕಡ್ಡಿ ತಿರುಗುವುದಿಲ್ಲ. ಗುಂಡಿ ಕಿತ್ತು ಕಡ್ಡಿಯನ್ನು ಇಕ್ಕಳದಿಂದ ಮೆಲ್ಲಗೆ ತಿರುಗಿಸಿ, ಟಿಕ್ ಟಿಕ್ ಶುರುವಾದರೆ ಹೊಸ ಗುಂಡಿಯಲ್ಲೇ ಕೆಲಸ ಮುಗಿಯಿತು.

ಗುಂಡಿ ಸರಿ ಇದ್ದರೆ ಪ್ಲಗ್ ಕಿತ್ತು, ಮೇಲಿನ ಪ್ಯಾನೆಲ್ ಬಿಚ್ಚಿ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಸ್ಥಾನಕ್ಕೆ ಇಟ್ಟು ಸ್ಪಿನ್ ಟೈಮರಿನ ಎರಡು ವೈರುಗಳ ನಡುವೆ ಹಿಡಿಯಿರಿ. ಸೊನ್ನೆಯಲ್ಲಿ ಮೌನ, 2 ನಿಮಿಷಕ್ಕೆ ತಿರುಗಿಸಿದರೆ ಬೀಪ್ ಬರಬೇಕು. ಬರದಿದ್ದರೆ ಟೈಮರ್ ಬದಲಿಸಿ. ಒಗೆಯುವ ಟೈಮರ್ ನೋಡಲು ಹಾಗೇ ಕಂಡರೂ ಅದರೊಳಗೆ ಮೋಟಾರನ್ನು ಆ ಕಡೆ ಈ ಕಡೆ ತಿರುಗಿಸುವ ಕಾಂಟ್ಯಾಕ್ಟುಗಳಿರುತ್ತವೆ, ಸ್ಪಿನ್ನಿಗೆ ಅದು ಬರುವುದಿಲ್ಲ. ಹಳೆಯದನ್ನು ಅಂಗಡಿಗೆ ಒಯ್ದು ಕಡ್ಡಿಯ ಉದ್ದ, ಆಕಾರ ಎರಡನ್ನೂ ಹೊಂದಿಸಿ ತನ್ನಿ.

ಮುಂದಿನದು ಮುಚ್ಚಳದ ಸ್ವಿಚ್. ಸದ್ದಿಲ್ಲದ ಡ್ರೈಯರುಗಳಲ್ಲಿ ಮೊದಲ ಅನುಮಾನ ಬೀಳಬೇಕಾದ್ದು ಇದರ ಮೇಲೆಯೇ. ಎರಡು ತಗಡಿನ ಎಲೆಗಳು ಒಂದಕ್ಕೊಂದು ತಾಗಿದರೆ ಕರೆಂಟು ದಾಟುತ್ತದೆ, ಅಷ್ಟೇ ಅದರ ರಚನೆ. ಸೋಪಿನ ಹಬೆ, ಗಡಸು ನೀರಿನ ಬಿಳಿ ಪುಡಿ, ಇರುವೆ, ಹಲ್ಲಿ, ಯಾವುದು ನಡುವೆ ಬಂದರೂ ತಾಗುವಿಕೆ ಕೆಡುತ್ತದೆ. ಮೀಟರ್ ಹಿಡಿದು ಮುಚ್ಚಳ ತೆರೆದು ಮುಚ್ಚಿ ನೋಡಿ: ಮುಚ್ಚಿದಾಗ ಬೀಪ್, ತೆರೆದಾಗ ಮೌನ. ಮುಚ್ಚಿದಾಗಲೂ ಮೌನವಾಗಿದ್ದರೆ ಎಲೆಗಳ ತುದಿಯನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ, ಬಾಗಿದ್ದರೆ ನೇರ ಮಾಡಿ. ಕಾಂಟ್ಯಾಕ್ಟು ಸುಟ್ಟು ಗುಳಿ ಬಿದ್ದಿದ್ದರೆ ಉಜ್ಜಿ ಉಪಯೋಗವಿಲ್ಲ, ಸ್ವಿಚ್ಚೇ ಬದಲಾಗಬೇಕು. ಮುಚ್ಚಳದ ಕೀಲಿನ ನಾಲಿಗೆ ಮುರಿದಿದ್ದರೆ ಸ್ವಿಚ್ ಸರಿ ಇದ್ದರೂ ಒತ್ತುವವರಿಲ್ಲ, ಆಗ ಮುಚ್ಚಳ ಬದಲಿಸಬೇಕು.

ಇಲ್ಲಿ ಕೆಲವು ಮೆಕ್ಯಾನಿಕ್‌ಗಳು ಒಂದು ಅಡ್ಡದಾರಿ ಹಿಡಿಯುತ್ತಾರೆ: ಸ್ವಿಚ್ಚಿನ ಎರಡೂ ವೈರ್ ಸೇರಿಸಿ 'ಡೈರೆಕ್ಟ್' ಮಾಡಿ ಹೋಗುತ್ತಾರೆ. ಮುಚ್ಚಳ ತೆರೆದರೂ ಟಬ್ಬು ಓಡುತ್ತಿರುತ್ತದೆ. 12 ಸೆಂ.ಮೀ. ತ್ರಿಜ್ಯದ ಟಬ್ಬು 1350 ಸುತ್ತಿನಲ್ಲಿ ಓಡುವಾಗ ಗೋಡೆಗೆ ಒತ್ತಿಕೊಂಡ ಬಟ್ಟೆಯ ಮೇಲೆ ಅದರ ತೂಕದ 200 ಪಟ್ಟಿಗೂ ಹೆಚ್ಚು ಬಲ ಬೀಳುತ್ತಿರುತ್ತದೆ. ಆ ವೇಗದಲ್ಲಿ ಟವೆಲಿನ ತುದಿ ಬೆರಳಿಗೆ ಸುತ್ತಿಕೊಂಡರೆ ಕೈ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ಮಕ್ಕಳಿರುವ ಮನೆಯಲ್ಲಂತೂ ಡೈರೆಕ್ಟ್ ಮಾಡಿದ ಡ್ರೈಯರ್ ಇಟ್ಟುಕೊಳ್ಳುವುದಕ್ಕಿಂತ ಬಟ್ಟೆ ಕೈಯಲ್ಲಿ ಹಿಂಡುವುದೇ ಮೇಲು.

ಟೈಮರ್, ಸ್ವಿಚ್ ಎರಡೂ ಸರಿ ಇದ್ದರೆ ಕೆಳಗಿಳಿಯುವ ವೈರನ್ನು ಟಾರ್ಚಿನಲ್ಲಿ ಉದ್ದಕ್ಕೂ ನೋಡಿ. ಮೆಷಿನ್ನಿನ ತಳ ತೆರೆದಿದ್ದರೆ ಇಲಿಗಳಿಗೆ ಅದೇ ಬಾಗಿಲು. ಕಡಿದ ವೈರನ್ನು ಬೆಸುಗೆ ಹಾಕಿ ಸ್ಲೀವ್ ಏರಿಸಿ, ಬರೀ ತಿರುಚಿ ಟೇಪ್ ಸುತ್ತಿದರೆ ಮೆಷಿನ್ನಿನ ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ತಳಕ್ಕೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ. ಗೋಣಿಚೀಲ, ಬಟ್ಟೆ ತುರುಕಬೇಡಿ, ಮೋಟಾರಿಗೆ ಗಾಳಿ ಬೇಕು.

ಒಂದು ವಿಷಯ ಮರೆಯಬಾರದು. ಹಲವು ಸ್ಪಿನ್ ಮೋಟಾರುಗಳ ಒಳಗೆ ಬಿಸಿಯಾದರೆ ಕರೆಂಟು ಕಡಿಯುವ ಥರ್ಮಲ್ ಕಟ್‌ಔಟ್ ಇರುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಗುಂಯ್ ಎನ್ನುತ್ತಿದ್ದ ಮೋಟಾರ್ ಈಗ ಸುಮ್ಮನಾಗಿದ್ದರೆ, ಮುಟ್ಟಿದರೆ ಸುಡುವಷ್ಟು ಕಾದಿದ್ದರೆ, ಮುಕ್ಕಾಲು ಗಂಟೆ ಆರಲು ಬಿಟ್ಟು ಮತ್ತೆ ನೋಡಿ. ಜೀವ ಬಂದರೆ ಅಸಲಿ ದೋಷ ಇಲ್ಲಿಲ್ಲ, ಮುಂದಿನ ಭಾಗದಲ್ಲಿದೆ.

ಗುಂಯ್ ಎಂದರೂ ತಿರುಗದಿದ್ದರೆ

ಹೆಚ್ಚಿನ ದೂರುಗಳು ಇಲ್ಲೇ ಬರುತ್ತವೆ, ಹೆಚ್ಚಿನ ತಪ್ಪು ತೀರ್ಮಾನಗಳೂ ಇಲ್ಲೇ ಆಗುತ್ತವೆ. ಕಾರಣ ಎರಡು ಗುಂಪಿನವು: ಹೊರಡುವ ಬಲ ಇಲ್ಲ, ಅಥವಾ ಹಿಡಿತ ಇದೆ. ಇವನ್ನು ಬೇರ್ಪಡಿಸಲು ಒಂದೇ ಪರೀಕ್ಷೆ ಸಾಕು.

ಪ್ಲಗ್ ಕಿತ್ತು, ಹಿಂಬದಿಯ ಮುಚ್ಚಳ ತೆಗೆದು, ಡ್ರೈಯರಿನ ಮುಚ್ಚಳ ಮಾತ್ರ ಹಾಕಿಡಿ. ಹಿಂದಿನಿಂದ ಕೈ ಚಾಚಿ ಬ್ರೇಕ್ ಡ್ರಮ್ಮನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ, ಸದ್ದಿಲ್ಲದೆ ಕೆಲವು ಸುತ್ತು ಹೋಗಿ ನಿಂತರೆ ಹಿಡಿತವಿಲ್ಲ, ಕಂಡೆನ್ಸರ್ ನೋಡಿ. ಬಿಗಿಯಾಗಿದ್ದರೆ ಶೂ ಕೂತಿರುವ ಬ್ರೇಕ್ ಲಿವರನ್ನು ಕೈಯಿಂದ ಹೊರಕ್ಕೆ ಎಳೆದು ಹಿಡಿದು ಮತ್ತೆ ತಿರುಗಿಸಿ. ಈಗ ಸಲೀಸಾದರೆ ಬ್ರೇಕ್ ವೈರಿನದು ತಪ್ಪು. ಆಗಲೂ ಬಿಗಿ ಇದ್ದರೆ ಟಬ್ಬಿನ ಸುತ್ತ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಬೇರಿಂಗ್ ಹಿಡಿದಿದೆ.

ಕಂಡೆನ್ಸರ್. ಸ್ಪಿನ್ ಮೋಟಾರಿಗೆ ಸಾಮಾನ್ಯವಾಗಿ 4, 5 ಅಥವಾ 6 ಮೈಕ್ರೊಫ್ಯಾರಡ್‌ನದು ಇರುತ್ತದೆ, ಅಂಗಡಿಯಲ್ಲಿ 'ಎಂಎಫ್‌ಡಿ' ಎಂದು ಕೇಳಿದರೆ ಸಿಗುತ್ತದೆ. ಎಷ್ಟೋ ಮೆಷಿನ್‌ಗಳಲ್ಲಿ ಎರಡೂ ಮೋಟಾರಿನ ಕಂಡೆನ್ಸರ್ ಒಂದೇ ಡಬ್ಬಿಯಲ್ಲಿರುತ್ತದೆ, ಮೇಲೆ 10+5 ಎಂದೋ ಇನ್ನೇನೋ ಬರೆದಿರುತ್ತದೆ, ಮೂರು ವೈರ್ ಹೊರಟಿರುತ್ತವೆ. ಒಗೆಯುವ ಕಡೆ ಓಡುತ್ತಿದೆ ಎಂದರೆ ಅದರ ದೊಡ್ಡ ಭಾಗ ಸರಿ ಇದೆ ಎಂದಷ್ಟೇ ಅರ್ಥ, ಚಿಕ್ಕ ಭಾಗ ಸತ್ತಿರಬಹುದು. ಚಾರ್ಜ್ ಇಳಿಸಿ, ವೈರ್ ಬೇರ್ಪಡಿಸಿ, ಮೀಟರಿನಲ್ಲಿ ಅಳೆಯಿರಿ. ಬರೆದದ್ದಕ್ಕಿಂತ ನೂರಕ್ಕೆ 10ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ, ಅಂದರೆ 5ರ ಕಂಡೆನ್ಸರ್ 4.5ಕ್ಕಿಂತ ಕೆಳಗಿದ್ದರೆ ಬದಲಿಸಿ. ಡಬ್ಬಿ ಉಬ್ಬಿದ್ದರೆ, ಮೇಣದಂಥದ್ದು ಸೋರಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಪೂರ್ತಿ ಸತ್ತ ಕಂಡೆನ್ಸರ್ ಗುಂಯ್ ಮಾತ್ರ ಎನಿಸುತ್ತದೆ. ಅರೆಜೀವದ್ದು ಖಾಲಿ ಟಬ್ಬನ್ನು ತಿರುಗಿಸಿ, ಒದ್ದೆ ಬಟ್ಟೆಗೆ ಕೈಚೆಲ್ಲುತ್ತದೆ.

'ಸ್ವಲ್ಪ ದೊಡ್ಡದು ಹಾಕಿದರೆ ಜೋರಾಗಿ ತಿರುಗುತ್ತೆ' ಎಂಬ ಮಾತು ನಂಬಬೇಡಿ. ಹೊರಡುವಾಗ ಕೊಂಚ ಬಲ ಬಂದೀತು, ಆದರೆ ಮೋಟಾರ್ ಓಡುವಷ್ಟೂ ಹೊತ್ತು ಸಹಾಯಕ ಸುತ್ತಿನಲ್ಲಿ ಹೆಚ್ಚು ಕರೆಂಟು ಹರಿದು ಅದು ಕಾಯುತ್ತದೆ. ವೋಲ್ಟೇಜ್ ವಿಷಯದಲ್ಲೂ ಜೋಪಾನ: ಮೇಲೆ 440 ಅಥವಾ 450 ವೋಲ್ಟ್ ಎಸಿ ಎಂದಿರಬೇಕು. ಓಡುವಾಗ ಕಂಡೆನ್ಸರಿನ ಮೇಲೆ ಬೀಳುವ ವೋಲ್ಟೇಜು ಮನೆಯ 230ಕ್ಕಿಂತ ಹೆಚ್ಚಿರುತ್ತದೆ, 250 ವೋಲ್ಟಿನದು ತಡೆಯುವುದಿಲ್ಲ. ಇದು ಅಗ್ಗದ ರಿಪೇರಿ, ಹಾಗಾಗಿ ಅನುಮಾನ ಬಂದರೆ ಮೋಟಾರಿಗೆ ಮುಂಚೆ ಹೊಸ ಕಂಡೆನ್ಸರ್ ಹಾಕಿ ನೋಡುವುದರಲ್ಲಿ ನಷ್ಟವಿಲ್ಲ.

ಬ್ರೇಕ್ ವೈರ್. ವರ್ಷಗಟ್ಟಲೆ ಎಳೆದೂ ಎಳೆದೂ ವೈರ್ ಉದ್ದವಾಗುತ್ತದೆ, ಕೊಕ್ಕೆ ಜಾರುತ್ತದೆ, ತುಕ್ಕು ಹಿಡಿದು ತುಂಡಾಗುತ್ತದೆ. ಆಗ ಮುಚ್ಚಳ ಹಾಕಿದರೂ ಶೂ ಡ್ರಮ್ಮನ್ನು ಬಿಡುವುದಿಲ್ಲ. ಪೂರ್ತಿ ಹಿಡಿದಿದ್ದರೆ ಗೊತ್ತಾಗುತ್ತದೆ. ಅರ್ಧ ಹಿಡಿದರೆ ಅದು ಹೆಚ್ಚು ಅಪಾಯ, ಏಕೆಂದರೆ ಟಬ್ಬು ನಿಧಾನವಾಗಿ ತಿರುಗುತ್ತಲೇ ಇರುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಮೋಟಾರ್ ಪ್ರತಿದಿನ ಸ್ವಲ್ಪ ಸ್ವಲ್ಪ ಬೇಯುತ್ತದೆ. ಡ್ರಮ್ಮಿನ ಮೇಲೆ ಹೊಳೆಯುವ ಪಟ್ಟಿ, ಸುತ್ತಲೂ ಕಪ್ಪು ಪುಡಿ ಕಂಡರೆ ಇದೇ ಎಂದು ತಿಳಿಯಿರಿ. ವೈರಿನ ತುದಿಯನ್ನು ಮುಂದಿನ ತೂತಿಗೆ ಹಾಕಿಯೋ, ಬಾಗಿದ ಕೊಕ್ಕೆ ಸರಿಪಡಿಸಿಯೋ ಮುಚ್ಚಳ ಹಾಕಿದಾಗ ಶೂವಿಗೂ ಡ್ರಮ್ಮಿಗೂ ನಡುವೆ ಬೆಳಕು ಕಾಣುವಂತೆ ಮಾಡಿ. ಒಂದೆರಡು ಮಿ.ಮೀ. ಸಾಕು. ಅತಿಯಾಗಿ ಎಳೆದರೆ ಮುಚ್ಚಳ ತೆರೆದಾಗ ಬ್ರೇಕ್ ತಾಗುವುದೇ ಇಲ್ಲ. ತುಂಡಾದ ವೈರಿನ ಜಾಗಕ್ಕೆ ಬೈಂಡಿಂಗ್ ವೈರ್ ಕಟ್ಟುವುದು ತಾತ್ಕಾಲಿಕವಾಗಿಯೂ ಬೇಡ, ಅದು ಹಿಗ್ಗುತ್ತದೆ. ಬ್ರೇಕ್ ಸ್ಪ್ರಿಂಗ್ ಕಿತ್ತು 'ಈಗ ಫ್ರೀ ಆಯ್ತು' ಎನ್ನುವುದು ಸ್ವಿಚ್ ಡೈರೆಕ್ಟ್ ಮಾಡಿದಷ್ಟೇ ತಪ್ಪು.

ಸಿಕ್ಕಿಕೊಂಡ ಬಟ್ಟೆ. ಟಬ್ಬಿನ ಬಾಯಿಗೂ ಹೊರಗೋಡೆಗೂ ನಡುವಿನ ಸಂದಿಯಲ್ಲಿ ಟಾರ್ಚ್ ಹಿಡಿದು ನೋಡಿ. ಮಗುವಿನ ಕಾಲುಚೀಲ, ಕರವಸ್ತ್ರ, ರವಿಕೆಯ ದಾರ, ಪಂಚೆಯ ಅಂಚು, ಏನು ಬೇಕಾದರೂ ಇರಬಹುದು. ತುದಿ ಕಂಡರೆ ಇಕ್ಕಳದಿಂದ ಹಿಡಿದು ಟಬ್ಬನ್ನು ಹಿಂದುಮುಂದಾಗಿ ಅಲುಗಿಸುತ್ತಾ ಎಳೆಯಿರಿ. ಬ್ರೇಕ್ ಬಿಡಿಸಲು ಹಿಂದಿನಿಂದ ಇನ್ನೊಬ್ಬರು ಲಿವರ್ ಹಿಡಿದುಕೊಂಡರೆ ಸುಲಭ. ಟಬ್ಬಿನ ತಳಕ್ಕೆ ಹೋಗಿ ಶಾಫ್ಟಿಗೆ ಸುತ್ತಿಕೊಂಡಿದ್ದರೆ ಎಳೆದು ಪ್ರಯೋಜನವಿಲ್ಲ, ಟಬ್ಬು ಎತ್ತಬೇಕು: ಬ್ರೇಕ್ ಡ್ರಮ್ಮಿನ ಮೇಲಿನ ಬೋಲ್ಟಿನ ಲಾಕ್ ನಟ್ಟನ್ನು 10 ಮಿ.ಮೀ. ಸ್ಪ್ಯಾನರಿನಿಂದ ಸಡಿಲಿಸಿ, ಬೋಲ್ಟನ್ನು ಹಿಂದಕ್ಕೆ ತಿರುಗಿಸಿ, ಮೇಲಿನಿಂದ ಟಬ್ಬನ್ನು ನೆಟ್ಟಗೆ ಎತ್ತಿ. ಬರದಿದ್ದರೆ ತುಕ್ಕು ಹಿಡಿದಿದೆ ಎಂದರ್ಥ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ, ಸುತ್ತಿಗೆ ಬೇಡ.

ಇದು ಮತ್ತೆ ಆಗದಿರಲು ಬಟ್ಟೆಯ ಮೇಲೆ ಇಡುವ ಪ್ಲಾಸ್ಟಿಕ್ ತಟ್ಟೆಯೇ ಸಾಕು. ಹಲವರು ಅದನ್ನು ಬಿಸಾಡಿರುತ್ತಾರೆ. ತಟ್ಟೆ ಇಲ್ಲದೆ ಸೀರೆ ಹಾಕಿದರೆ ಅದರ ಸೆರಗು ಮೇಲೆದ್ದು ಸಂದಿಗೆ ಇಳಿಯುವುದು ಖಚಿತ.

ಟಬ್ಬು ಎತ್ತಿದ ಮೇಲೂ ಬಿಗಿ ಹೋಗದಿದ್ದರೆ ಯಾವುದು ಬಿಗಿ ಎಂದು ಬೇರೆ ಬೇರೆ ನೋಡಬಹುದು. ಮೋಟಾರಿನ ಶಾಫ್ಟ್ ಒಂದನ್ನೇ ಕೈಯಲ್ಲಿ ತಿರುಗಿಸಿ. ಗರಗರ ಎಂದರೆ, ತಿರುಗದಿದ್ದರೆ ಮೋಟಾರಿನ ಬೇರಿಂಗ್ ಹೋಗಿದೆ. ಏಕೆ ಹೋಯಿತು ಎಂಬುದಕ್ಕೆ ಉತ್ತರ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ: ತುಕ್ಕಿನ ಗೆರೆ, ಸೋಪಿನ ಬಿಳಿ ಕಲೆ. ನೀರು ಸೀಲ್ ದಾಟಿ ಇಳಿದಿದೆ.

ನೀರು, ಸೀಲ್, ಬಕೆಟ್

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಮನೆಗೆ ಬರುವುದು ಬಹುಪಾಲು ಆಳದ ಕೊಳವೆಬಾವಿಯ ಗಡಸು ನೀರು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಗಟ್ಟಿ ಪದರವೇ ಡ್ರೈಯರಿನ ಶಾಫ್ಟಿನ ಮೇಲೂ ಕಟ್ಟುತ್ತದೆ. ಆ ಒರಟು ಮೇಲ್ಮೈ ಸೀಲಿನ ತುಟಿಯನ್ನು ಸವೆಸುತ್ತದೆ, ಅಲ್ಲಿಂದ ನೀರು ಹನಿಹನಿಯಾಗಿ ಬ್ರೇಕ್ ಡ್ರಮ್ಮಿಗೆ, ಬೇರಿಂಗಿಗೆ, ಸುತ್ತಿನ ಒಳಗೆ ಇಳಿಯುತ್ತದೆ. ಟಬ್ಬು ಎತ್ತಿದಾಗಲೆಲ್ಲ ಸೀಲ್ ಬದಲಿಸುವುದು ಜಾಣತನ. ಹೊಸದು ಹಾಕುವ ಮುನ್ನ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಬಟ್ಟೆ ಅದ್ದಿ ಶಾಫ್ಟಿಗೆ ಕಾಲು ಗಂಟೆ ಸುತ್ತಿಡಿ. ಪದರ ಮೆತ್ತಗಾದ ಮೇಲೆ ಒರೆಸಿ, ಚೆನ್ನಾಗಿ ತೊಳೆದು, ಸೀಲಿನ ತುಟಿಗೆ ತೆಳ್ಳಗೆ ಗ್ರೀಸ್ ಸವರಿ. ಬ್ಲೀಚಿಂಗ್ ಪೌಡರಿನ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬ್ರೇಕ್ ಡ್ರಮ್ಮಿನ ಮೇಲೆ ಗ್ರೀಸ್ ಬಿದ್ದರೆ ಬ್ರೇಕ್ ಜಾರುತ್ತದೆ, ಒರೆಸಿಬಿಡಿ.

ನೀರಿಗೆ ಸಂಬಂಧಿಸಿದ ಇನ್ನೊಂದು ದೋಷ ನಮ್ಮ ಮಿತವ್ಯಯದಿಂದಲೇ ಹುಟ್ಟುತ್ತದೆ. ಹಿಂಡಿದ ನೀರನ್ನು ಬಚ್ಚಲಿಗೆ ಬಿಡದೆ ಗಿಡಕ್ಕೆ, ಕಕ್ಕಸಿಗೆ ಎಂದು ಬಕೆಟಿಗೆ ಹಿಡಿಯುವುದು ಒಳ್ಳೆಯದೇ. ಆದರೆ ಹೆಚ್ಚಿನ ಸೆಮಿ ಆಟೊಮ್ಯಾಟಿಕ್‌ಗಳಲ್ಲಿ ಪಂಪ್ ಇಲ್ಲ, ನೀರು ತಾನಾಗಿ ಇಳಿಯಬೇಕು. ಪೈಪಿನ ತುದಿ ಬಕೆಟಿನ ಅಂಚಿನ ಮೇಲೆ ಎತ್ತರದಲ್ಲಿದ್ದರೆ, ಅಥವಾ ತುಂಬಿದ ಬಕೆಟಿನಲ್ಲಿ ಮುಳುಗಿದ್ದರೆ ಹೊರಟಬ್ಬಿನಲ್ಲಿ ನೀರು ನಿಲ್ಲುತ್ತದೆ. ಟಬ್ಬು ಆ ನೀರನ್ನು ಕಡೆಯುತ್ತಾ ವೇಗ ಹಿಡಿಯಲಾಗದೆ ಏದುಸಿರು ಬಿಡುತ್ತದೆ, ನೊರೆ ಉಕ್ಕುತ್ತದೆ. ಮೆಷಿನ್ನನ್ನು ಕಲ್ಲು ಚಪ್ಪಡಿ ಇಲ್ಲವೇ ಸ್ಟ್ಯಾಂಡಿನ ಮೇಲೆ ಎತ್ತರಿಸಿ, ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟದಿಂದ ಮೇಲೆ, ಮೆಷಿನ್ನಿನ ತಳದಿಂದ ಕೆಳಗೆ ಇರುವಂತೆ ನೋಡಿಕೊಳ್ಳಿ. ಒಗೆಯುವ ಟಬ್ಬಿನ ನೀರು ಬಿಡುವಾಗ ಡ್ರೈಯರ್ ಓಡಿಸಬೇಡಿ. ಎರಡಕ್ಕೂ ಪೈಪು ಒಂದೇ, ಆ ನೀರು ಈ ಕಡೆ ನುಗ್ಗುತ್ತದೆ.

ಬಟ್ಟೆ ಹಾಕಿದರೆ ಮಾತ್ರ ಸೋತರೆ

ಅರೆಜೀವದ ಕಂಡೆನ್ಸರ್, ಅರ್ಧ ಹಿಡಿದ ಬ್ರೇಕ್, ನಿಂತ ನೀರು, ಇವನ್ನು ಈಗಾಗಲೇ ನೋಡಿದೆವು. ಉಳಿದದ್ದು ಎರಡು.

ಮೊದಲನೆಯದು ವೋಲ್ಟೇಜ್. ಇಂಥ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಬಂದರೆ ಬಲ ಮುಕ್ಕಾಲಿಗೆ, 180 ಬಂದರೆ ನೂರಕ್ಕೆ 61ಕ್ಕೆ, 160 ಬಂದರೆ ಅರ್ಧಕ್ಕಿಂತ ಕೆಳಕ್ಕೆ. ಬೆಳಿಗ್ಗೆ ಚೆನ್ನಾಗಿ ತಿರುಗಿ ಸಂಜೆ ಗುಂಯ್ ಎನ್ನುವ ಡ್ರೈಯರಿಗೆ ಮೆಕ್ಯಾನಿಕ್ ಬೇಕಿಲ್ಲ. ಡ್ರೈಯರ್ ಆನ್ ಮಾಡಿದ ಹೊತ್ತಿನಲ್ಲೇ ಅದೇ ಬೋರ್ಡಿನ ಇನ್ನೊಂದು ಸಾಕೆಟ್ಟಿನಲ್ಲಿ ಮೀಟರಿನಿಂದ ಅಳೆಯಿರಿ. ಮನೆಯ ಬೇರೆ ಕಡೆ ಸರಿ ಇದ್ದು ಇಲ್ಲಿ ಮಾತ್ರ ಕುಸಿದರೆ ನಿಮ್ಮ ವೈರಿಂಗ್ ಅಥವಾ ಎಕ್ಸ್‌ಟೆನ್ಷನ್ ಸಣ್ಣದು. ಮನೆಯಿಡೀ ಕಡಿಮೆ ಇದ್ದರೆ ಬೆಸ್ಕಾಂಗೆ ದೂರು ಕೊಡಿ, ಅಲ್ಲಿಯವರೆಗೆ ಒಗೆಯುವ ಹೊತ್ತು ಬದಲಿಸಿ.

ಎರಡನೆಯದು ಬಟ್ಟೆ ಹಾಕುವ ರೀತಿ. ಒಂದೇ ದಪ್ಪ ಜೀನ್ಸ್, ಒಂದೇ ಕಂಬಳಿ ಒಂದು ಬದಿಗೆ ಬಿದ್ದರೆ ಟಬ್ಬು ಓಲಾಡಿ ಹೊರಗೋಡೆಗೆ ಬಡಿಯುತ್ತದೆ. ಸುತ್ತಲೂ ಸಮನಾಗಿ ಜೋಡಿಸಿ, ಕೈಯಿಂದ ಅದುಮಿ, ತಟ್ಟೆ ಇಡಿ. ಸಮನಾಗಿ ಹಾಕಿದರೂ ಬಡಿಯುತ್ತಿದ್ದರೆ ಮೋಟಾರಿನ ಅಡಿಯ ಮೂರು ಸ್ಪ್ರಿಂಗ್ ನೋಡಿ. ಒಂದು ಮುರಿದರೂ ಮೋಟಾರ್ ವಾಲುತ್ತದೆ, ಟಬ್ಬು ಒಂದು ಕಡೆ ಉಜ್ಜುತ್ತದೆ. ಬದಲಿಸುವಾಗ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯ ಎರಡರ ಜೊತೆ ಹೊಸದೊಂದು ಹಾಕಿದರೆ ಮತ್ತೆ ವಾಲು.

ಮೋಟಾರ್ ಓಡಿದರೂ ಟಬ್ಬು ನಿಂತಿದ್ದರೆ

ಕಪ್ಲಿಂಗಿನ ಬೋಲ್ಟ್ ಸಡಿಲ. ಟಬ್ಬಿನ ಶಾಫ್ಟಿನಲ್ಲಿ ಬೋಲ್ಟಿನ ತುದಿ ಕೂರಲು ಒಂದು ಗುಳಿ ಅಥವಾ ಚಪ್ಪಟೆ ಜಾಗ ಇರುತ್ತದೆ, ಅದಕ್ಕೆ ನೇರ ಹಿಡಿದು ಬಿಗಿ ಮಾಡಿ, ಆಮೇಲೆ ಲಾಕ್ ನಟ್ ಬಿಗಿಯಿರಿ. ಗುಳಿ ತಪ್ಪಿಸಿ ಬಿಗಿದರೆ ಅಂದು ತಿರುಗುತ್ತದೆ, ಮುಂದಿನ ವಾರ ಜಾರುತ್ತದೆ.

ಇಷ್ಟೆಲ್ಲ ಆದ ಮೇಲೆ ಮೋಟಾರ್

ಮೂರು ವೈರುಗಳನ್ನು ಬೇರ್ಪಡಿಸಿ ಎರಡೆರಡರ ನಡುವೆ ಓಮ್ ಅಳೆಯಿರಿ. ಮೂರು ಅಳತೆ ಸಿಗುತ್ತವೆ. ದೊಡ್ಡ ಅಳತೆ ಉಳಿದೆರಡರ ಮೊತ್ತಕ್ಕೆ ಸಮ ಇದ್ದರೆ ಸುತ್ತು ಕಡಿದಿಲ್ಲ. ಉದಾಹರಣೆಗೆ 70, 90, 160 ಬಂದರೆ ಲೆಕ್ಕ ಸರಿ. ಯಾವುದಾದರೂ ಎರಡರಲ್ಲಿ ಮೀಟರ್ ಏನೂ ತೋರಿಸದಿದ್ದರೆ ಸುತ್ತು ಕಡಿದಿದೆ ಅಥವಾ ಥರ್ಮಲ್ ಕಟ್‌ಔಟ್ ತೆರೆದಿದೆ, ಆರಿದ ಮೇಲೆ ಇನ್ನೊಮ್ಮೆ ನೋಡಿ. ಮೊತ್ತ ಹೊಂದದೆ ಒಂದು ಅಳತೆ ತೀರಾ ಕಡಿಮೆಯಿದ್ದರೆ ಒಳಗೆ ಶಾರ್ಟ್. ಯಾವುದೇ ವೈರಿನಿಂದ ಮೋಟಾರಿನ ಲೋಹದ ಮೈಗೆ ಅಳತೆ ಬಂದರೆ ಆ ಮೋಟಾರನ್ನು ಮತ್ತೆ ಪ್ಲಗ್ಗಿಗೆ ಹಾಕಲೇಬಾರದು.

ಕೊಳವೆಬಾವಿ ಮೋಟಾರುಗಳ ದೆಸೆಯಿಂದ ವೈಂಡಿಂಗ್ ಅಂಗಡಿ ಇಲ್ಲದ ಹೋಬಳಿಯಿಲ್ಲ. ಆದರೂ ಈ ಚಿಕ್ಕ ಮೋಟಾರನ್ನು ರೀವೈಂಡ್ ಮಾಡಿಸುವುದರಲ್ಲಿ ಅರ್ಥ ಕಡಿಮೆ: ಕೂಲಿ ಸೇರಿದರೆ ಹೊಸದರ ಬೆಲೆಯ ಹತ್ತಿರ ಹೋಗುತ್ತದೆ, ಬೇರಿಂಗ್ ಹಳೆಯದೇ ಉಳಿಯುತ್ತದೆ. ಬೇರಿಂಗ್ ಮಾತ್ರ ಹೋಗಿ ಸುತ್ತು ಸರಿ ಇದ್ದರೆ ಅದರ ಮೇಲೆ ಕೆತ್ತಿದ ನಂಬರ್ ನೋಡಿ ಅದೇ ತರಿಸಿ. ಹೊಸ ಮೋಟಾರ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಶಾಫ್ಟಿನ ದಪ್ಪ, ಉದ್ದ, ಕಾಲುಗಳ ಅಂತರ, ತಿರುಗುವ ದಿಕ್ಕು ನಾಲ್ಕೂ ಹೊಂದಬೇಕು. ತಾಮ್ರದ ಸುತ್ತೋ ಅಲ್ಯೂಮಿನಿಯಂ ಸುತ್ತೋ ಎಂದು ಕೇಳಿ, ತಾಮ್ರದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಕಂಡೆನ್ಸರ್ ಹೊಸ ಮೋಟಾರಿನ ಮೇಲೆ ಬರೆದಷ್ಟು ಮೈಕ್ರೊಫ್ಯಾರಡ್‌ನದೇ ಹಾಕಿ, ಸೀಲನ್ನೂ ಅದರ ಜೊತೆಗೇ ಬದಲಿಸಿ.

ಬಿಸಿಗಾಳಿಯ ಬೇರೆ ಡ್ರೈಯರ್ ಇರುವ ಲಾಡ್ಜ್, ಅಪಾರ್ಟ್‌ಮೆಂಟುಗಳ ದಾರಿ ಬೇರೆ. ಅಲ್ಲಿ ಡ್ರಮ್ ಅಡ್ಡ ಮಲಗಿರುತ್ತದೆ, ಸುತ್ತಲೂ ಬಳಸಿದ ತೆಳ್ಳಗಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಮೋಟಾರ್ ಸದ್ದು ಇದ್ದು ಡ್ರಮ್ ಕೈಗೆ ತೀರಾ ಹಗುರವಾಗಿ ತಿರುಗಿದರೆ ಬೆಲ್ಟ್ ಕಡಿದಿದೆ. ಗುಂಯ್ ಎಂದರೆ ಕಂಡೆನ್ಸರ್ ಅಥವಾ ಹಿಡಿದ ರೋಲರ್. ಸದ್ದೇ ಇಲ್ಲದಿದ್ದರೆ ಬಾಗಿಲಿನ ಸ್ವಿಚ್. ಬೆಲ್ಟ್ ಬದಲಿಸಲು ಮೈ ಬಿಚ್ಚಿದಾಗ ಒಳಗೆ ಕಟ್ಟಿದ ಬಟ್ಟೆಯ ನಾರನ್ನು ಪೂರ್ತಿ ತೆಗೆಯಿರಿ, ಹೀಟರ್ ಹತ್ತಿರ ಅದು ಬೆಂಕಿಗೆ ದಾರಿ.

ಮುಚ್ಚುವ ಮುನ್ನ

ಹಿಂಬದಿ ಮುಚ್ಚಳ ಹಾಕುವ ಮೊದಲು, ಪ್ಲಗ್ ಕಿತ್ತಿರುವಾಗಲೇ ಡ್ರೈಯರಿಗೆ ಎರಡು ಚೊಂಬು ನೀರು ಹೊಯ್ದು ಸೀಲಿನ ಅಡಿಯಲ್ಲಿ ಟಾರ್ಚ್ ಹಿಡಿಯಿರಿ. ಒಂದು ಹನಿಯೂ ಬ್ರೇಕ್ ಡ್ರಮ್ಮಿನ ಮೇಲೆ ಕಾಣಬಾರದು. ಆಮೇಲೆ ಹಿಂಬದಿ ಮುಚ್ಚಳವನ್ನು ಸ್ಕ್ರೂ ಇಲ್ಲದೆ ಹಾಕಿ, ಮೊದಲು ಖಾಲಿ, ನಂತರ ಎರಡು ಒದ್ದೆ ಟವೆಲ್ ಸಮನಾಗಿ ಹಾಕಿ ಓಡಿಸಿ. ಪೂರ್ತಿ ವೇಗದಲ್ಲಿದ್ದಾಗ ಡ್ರೈಯರಿನ ಮುಚ್ಚಳ ತೆರೆಯಿರಿ, ಕೈ ಒಳಗೆ ಹಾಕಬೇಡಿ: ಸದ್ದು ತಕ್ಷಣ ನಿಂತು, ಟಬ್ಬು 10ರಿಂದ 15 ಸೆಕೆಂಡಿನೊಳಗೆ ನಿಲ್ಲಬೇಕು. ನಿಲ್ಲದಿದ್ದರೆ ಬ್ರೇಕ್ ವೈರ್ ಅತಿಯಾಗಿ ಎಳೆದಿದ್ದೀರಿ. ನಿಂತರೆ 5 ನಿಮಿಷದ ಎರಡು ಸರದಿ ಓಡಿಸಿ, ಪ್ಲಗ್ ಕಿತ್ತು, ಮೋಟಾರಿನ ಮೈಗೆ ಕೈಯ ಹಿಂಬದಿ ತಾಗಿಸಿ. ಬೆಚ್ಚಗಿದ್ದರೆ ಹಿಂಬದಿ ಮುಚ್ಚಳದ ಸ್ಕ್ರೂ ಹಾಕಬಹುದು. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಶೂ ಇನ್ನೂ ಎಲ್ಲೋ ಉಜ್ಜುತ್ತಿದೆ, ಆ ಒಂದೆರಡು ಮಿ.ಮೀ. ಸಂದಿಯನ್ನು ಮತ್ತೊಮ್ಮೆ ನೋಡಿ.